ಎಲಿನಾರಳ ತವರುಮನೆ

ನಮ್ಮಕ್ಕನಿಗೆ ಎಪ್ಪತ್ತೆಂಟು ವರ್ಷ. ಹನ್ನೊಂದು ವರ್ಷಗಳಿಂದ ಆಕೆ ಒಬ್ಬ ಹೆಂಗಸಿನ ತವರುಮನೆ ಹುಡುಕುತ್ತಿದ್ದಾಳೆ. ಪುಣ್ಯದ ಕೆಲಸ ಅನ್ನುತ್ತೀರಾ? ಸ್ವಲ್ಪ ತಡೆಯಿರಿ. ಆ ಹೆಂಗಸು ತೀರಿಕೊಂಡು ಮುನ್ನೂರೈವತ್ತು ವರ್ಷ ದಾಟಿದೆ! ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಸತ್ತದ್ದು ಅಮೆರಿಕದಲ್ಲಿ. ಹುಡುಕಾಟ ನಡೆದಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನ ಒಂದು ಅಡುಗೆಮನೆಯಲ್ಲಿ. ಹುಡುಕುತ್ತಿರುವವಳು ಗದಗ ಸೀಮೆಯ ಹೆಣ್ಣುಮಗಳು. ಇಂಥ ಅಕ್ಕ ನಿಮಗೂ ಇದ್ದರೆ ಹೇಳಿ, ಇಬ್ಬರನ್ನೂ ಒಂದು ಕಡೆ ಕೂರಿಸಿ ನಾವು ದೂರದಿಂದ ನೋಡೋಣ.

ಅಕ್ಕ ಐವತ್ತು ವರ್ಷದ ಹಿಂದೆ ನರ್ಸಾಗಿ ಈ ಸ್ಟುಟ್‌ಗಾರ್ಟ್‌ಗೆ ಬಂದವಳು. ಇಲ್ಲಿಯವನನ್ನೇ ಮದುವೆಯಾದಳು. ಆ ನಮ್ಮ ಭಾವನ ಅಜ್ಜಿ ಅಮೆರಿಕದವಳಂತೆ. ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ವಂಶಾವಳಿ ಇತ್ತು. ಅದರ ತುದಿಯಲ್ಲಿ ಕೂತಿದ್ದಾಳೆ ಈ ಎಲಿನಾರ್. ಇಂಗ್ಲಿಷರು ಅಮೆರಿಕದಲ್ಲಿ ಮೊದಮೊದಲು ಊರು ಕಟ್ಟಿದ ಕಾಲಕ್ಕೆ ಹಡಗು ಹತ್ತಿ ಹೋದವಳು. ಗಂಡನ ಹೆಸರು ಇದೆ, ಒಂಬತ್ತು ಮಕ್ಕಳ ಹೆಸರು ಇದೆ, ಆಕೆಯ ಹಸುವಿನ ಬಣ್ಣ ಕೂಡ ಒಂದು ಉಯಿಲಿನಲ್ಲಿ ಇದೆ! ತಂದೆತಾಯಿ ಯಾರು? ಅಲ್ಲೊಂದು ಪ್ರಶ್ನೆಚಿಹ್ನೆ. ಭಾವ ತೀರಿಕೊಂಡಾಗ ಆ ಪ್ರಶ್ನೆಚಿಹ್ನೆ ಅಕ್ಕನ ಪಾಲಿಗೆ ಬಂತು. ಉಳಿದ ಹೆಂಗಸರಿಗೆ ಅತ್ತೆಮನೆಯಿಂದ ಬಳೆ ಬರುತ್ತದೆ, ಸರ ಬರುತ್ತದೆ.

ಹೆಂಡತಿ ಹೋದ ಮೇಲೆ, ಮೂರು ವರ್ಷದ ಹಿಂದೆ, ನಾನು ಇದೇ ಊರಿನಲ್ಲಿ ಎಂಜಿನಿಯರ್ ಆಗಿರುವ ಮಗನ ಮನೆಗೆ ಬಂದೆ. ಮಗ ಕೆಲಸಕ್ಕೆ ಹೋಗುವಾಗ ನನ್ನನ್ನು ಅಕ್ಕನ ಮನೆಯಲ್ಲಿ ಬಿಟ್ಟು ಹೋಗುತ್ತಾನೆ. ಮೊದಲ ದಿನವೇ ಆಕೆ ನನ್ನನ್ನು ಕೆಲಸಕ್ಕೆ ಹಚ್ಚಿದಳು. ಇಂಗ್ಲೆಂಡಿನ ಚರ್ಚುಗಳಲ್ಲಿ ಮಕ್ಕಳಿಗೆ ಹೆಸರಿಟ್ಟಾಗ ಬರೆದಿಟ್ಟ ಹಳೆಯ ಪುಸ್ತಕಗಳ ಫೋಟೋಗಳು, ಮೇಜಿನ ತುಂಬ. ಅಕ್ಷರಗಳೋ, ಇರುವೆ ಮಸಿಯಲ್ಲಿ ಬಿದ್ದು ಎದ್ದು ಮನೆಗೆ ಹೋದ ದಾರಿಯಂತೆ. ನಾನು ಮೆಟ್ರಿಕ್ ಪಾಸಾದವನು, ಇದನ್ನು ಓದಲಾರೆ ಅಂದೆ. ಓದುವುದು ಬೇಡ, ಎಲಿನಾರ್ ಎಂಬ ಹೆಸರಿನ ಈ ಆಕಾರ ಎಲ್ಲಿ ಕಂಡರೂ ಒಂದು ಚುಕ್ಕೆ ಇಡು, ಅಂದಳು. ಹೀಗೆ ಎಪ್ಪತ್ತರ ಮೇಲೆ ನಾನು ಚುಕ್ಕೆ ಇಡುವ ಗುಮಾಸ್ತನಾದೆ.

ಮೂರು ಊರುಗಳಲ್ಲಿ ಮೂವರು ಎಲಿನಾರ್‌ಗಳು ಸಿಕ್ಕರು. ಒಬ್ಬಳು ನೇಕಾರನ ಮಗಳು, ಒಬ್ಬಳು ಕಮ್ಮಾರನ ಮಗಳು, ಇನ್ನೊಬ್ಬಳು ಪಾದ್ರಿಯ ಮಗಳು. ಇದು ಸಾಲದೆಂದು ಅಮೆರಿಕದಲ್ಲೊಬ್ಬ ಮುದುಕ, ಆಕೆ ರಾಜವಂಶದವಳೇ ಎಂದು ಪಟ್ಟು ಹಿಡಿದಿದ್ದಾನೆ. ಅವನೂ ಅದೇ ಎಲಿನಾರಳ ಸಂತಾನ. ತಾನೂ ರಾಜನಾಗಬೇಕಲ್ಲ! ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಕ್ಕ ಅವನನ್ನು ತನಗೆ ಬರುವ ಎಲ್ಲ ಭಾಷೆಗಳಲ್ಲೂ ತರಾಟೆಗೆ ತೆಗೆದುಕೊಂಡಳು. "ರಾಜನ ಮಗಳು ಹಡಗಿನ್ಯಾಗ ಹೋಗಿ ಆಕಳ ಯಾಕ ಹಿಂಡತಾಳೋ ಮಾರಾಯಾ?" ಎಂಬುದೊಂದು ಮಾತ್ರ ಶುದ್ಧ ಗದಗಿನದು.

ಭಾನುವಾರ ಇಲ್ಲಿ ಮೊಳೆ ಹೊಡೆದರೂ ಅಪರಾಧ. ಕೆಳಗಿನ ಮನೆಯ ಮುದುಕಿ ದೂರಲು ಮೇಲೆ ಬಂದಳು. ಲ್ಯಾಟಿನ್ ಕಲಿಸಿ ನಿವೃತ್ತಳಾದವಳು. ಅಕ್ಕ ಆಕೆಯ ಕೈಗೆ ಚಹಾ ಕೊಟ್ಟಳು, ಇನ್ನೊಂದು ಕೈಗೆ ಪಾದ್ರಿಯ ಲ್ಯಾಟಿನ್ ಬರಹ ಕೊಟ್ಟಳು. ಸಂಜೆಯ ಹೊತ್ತಿಗೆ ಇಬ್ಬರೂ ಸೇರಿ ಅಮೆರಿಕದ ಮುದುಕನನ್ನು ಬಯ್ಯುತ್ತಿದ್ದರು! ಈ ಸಹಾಯಕ್ಕೆ ಪ್ರತಿಯಾಗಿ ಆಕೆಯ ಕೆರ್‌ವೋಖೆ, ಅಂದರೆ ಸರದಿಯ ಮೇಲೆ ಮೆಟ್ಟಿಲು ಗುಡಿಸುವ ವಾರ, ನಮಗೆ ಬಂತು. ನಮಗೆ ಅಂದರೆ ನನಗೆ. ಯಾವಳದೋ ಅಪ್ಪನ ಹೆಸರಿಗಾಗಿ ಪರದೇಶದಲ್ಲಿ ಮೆಟ್ಟಿಲು ಗುಡಿಸಿದ ಇನ್ನೊಬ್ಬ ಕನ್ನಡಿಗನಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಮ್ಮೆ ಶ್ಟಾಟ್‌ಬಾನ್ ರೈಲಿನಲ್ಲಿ ಟಿಕೆಟ್ ಕೇಳಿದಾಗ ಅಕ್ಕ ಚೀಲಕ್ಕೆ ಕೈ ಹಾಕಿ ಒಬ್ಬ ಎಲಿನಾರಳ ನಾಮಕರಣದ ದಾಖಲೆಯ ಪ್ರತಿ ತೆಗೆದುಕೊಟ್ಟಳು. ಟಿಕೆಟ್ ನೋಡುವವನು ಅದನ್ನು ಗಂಭೀರವಾಗಿ ತಿರುಗಿಸಿ ಮುರುಗಿಸಿ, ಅಮ್ಮಾ, ಇದರ ಅವಧಿ ಮುಗಿದು ನಾನೂರು ವರ್ಷವಾಗಿದೆ, ಅಂದ.

ಇವನ್ನೆಲ್ಲ ನಾನು ಕನ್ನಡ ಬಳಗದ ಊಟಗಳಲ್ಲಿ ಬಣ್ಣ ಕಟ್ಟಿ ಹೇಳುತ್ತಿದ್ದೆ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಒಂದನ್ನು ಮಾತ್ರ ಹೇಳಲಿಲ್ಲ. ಪಾದ್ರಿಯ ಮಗಳು ನಾಲ್ಕನೆಯ ವಯಸ್ಸಿಗೇ ಸತ್ತದ್ದು ಆ ಲ್ಯಾಟಿನ್ ಬರಹದಲ್ಲಿ ಗೊತ್ತಾದಾಗ ನಾನು, ಒಬ್ಬಳು ಕಡಿಮೆಯಾದಳು, ಕೆಲಸ ಹಗುರಾಯಿತು, ಎಂದಿದ್ದೆ. ಅಕ್ಕ ಆ ದಿನ ಒಲೆ ಹಚ್ಚಲಿಲ್ಲ.

ಕಳೆದ ಯುಗಾದಿಯ ಊಟದಲ್ಲಿ ಬಾಗಲಕೋಟೆಯ ಒಬ್ಬ ಹುಡುಗ, "ನಮ್ಮ ಹೆಳವರನ್ನ ಇಂಗ್ಲೆಂಡಿಗೆ ಕಳಸ್ರಿ ಅಜ್ಜಾರ, ಒಂದ ದಿನದಾಗ ಮುಗಸ್ತಾರ," ಅಂದ. ಎಲ್ಲರೂ ನಕ್ಕರು. ಎತ್ತು ಹೊಡೆದುಕೊಂಡು ಮನೆಮನೆಗೆ ಬಂದು, ಆ ಮನೆತನದ ತಲೆಮಾರುಗಳನ್ನೆಲ್ಲ ಹೆಸರು ಹಿಡಿದು ಹಾಡುವ ಹೆಳವರನ್ನು ನಮ್ಮ ಕಡೆಯವರಿಗೆ ಪರಿಚಯಿಸಬೇಕಿಲ್ಲ. ಹೊಸದಾಗಿ ಹುಟ್ಟಿದವರನ್ನು ಅವರು ತಮ್ಮ ಪುಸ್ತಕಕ್ಕೆ ಸೇರಿಸುತ್ತಾರೆ, ಕಾಳು ಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಾರೆ.

ಅಕ್ಕ ನಗಲಿಲ್ಲ. "ನನ್ನ ಹೆಸರು ಅಪ್ಪ ಹೆಳವರ ಪುಸ್ತಕದಾಗ ಬರಿಸ್ಯಾನ," ಅಂದಳು. "ಇಲ್ಲಿ ಬಂದ ಹೊಸದಾಗ ಭಾಳ ಅಳು ಬರತಿತ್ತು. ಎಲ್ಲೋ ಒಂದು ಎತ್ತಿನ ಮ್ಯಾಲ ನನ್ನ ಹೆಸರು ಊರೂರು ತಿರಗತೈತಿ ಅಂತ ನೆನಸಕೊಂಡು ಸುಮ್ಮನಾಗತಿದ್ದೆ. ಪಾಪ, ಎಲಿನಾರ್‌ಗ ಅಷ್ಟೂ ಇಲ್ಲ." ಆಮೇಲೆ ನನ್ನ ಮಗನ ಕಡೆ ತಿರುಗಿ, ಮುಂದಿನ ತಿಂಗಳು ಊರಿಗೆ ಹೋಗುತ್ತೀಯಲ್ಲ, ಹೆಳವರ ಮನೆ ಹುಡುಕಿ ಆ ಹಾಳೆಯ ಫೋಟೋ ತೆಗೆದುಕೊಂಡು ಬಾ, ಎಂದಳು. "ಆತು ಅತ್ತಿ," ಅಂದ ಅವನು.

ನಾನು ಅರ್ಧ ತಿಂದ ಹೋಳಿಗೆಯನ್ನು ತಟ್ಟೆಯ ಅಂಚಿಗೆ ಸರಿಸಿದೆ.

ಈಗ ನಾನು ಹೇಳಲೇಬೇಕಾದದ್ದನ್ನು ಹೇಳುತ್ತೇನೆ. ಅಕ್ಕ ಇಲ್ಲಿ ಮದುವೆಯಾದ ವರ್ಷ ಅಪ್ಪ ಬದುಕಿರಲಿಲ್ಲ. ಆಕೆ ಪರದೇಶದವನನ್ನು ಮದುವೆಯಾದ ಸುದ್ದಿ ಊರಿಗೆ ಮುಟ್ಟಿ, ನನಗೆ ನಿಶ್ಚಯವಾಗಿದ್ದ ಸಂಬಂಧ ಮುರಿದುಬಿತ್ತು. ಇಪ್ಪತ್ತೈದರ ಹುಡುಗ ಯಜಮಾನ ನಾನು, ಮೈಯೆಲ್ಲ ಸಿಟ್ಟು. ಅದೇ ವಾರ ಹೆಳವ ಬಂದು ಅಂಗಳದಲ್ಲಿ ನಿಂತು ಹಾಡತೊಡಗಿದ. ಅಕ್ಕನ ಹೆಸರು ಬಂದ ಕೂಡಲೇ ನಿಲ್ಲಿಸಿ, ಅದನ್ನು ತೆಗೆದುಹಾಕು ಅಂದೆ.

"ಸತ್ತವರ ಹೆಸರೂ ನಾವು ತಗಿಯಾಂಗಿಲ್ರಿ ಯಜಮಾನ್ರ," ಅಂದ ಆತ.

"ಹಂಗಾದ್ರ ಆಕಿ ಹುಟ್ಟೇ ಇಲ್ಲಂತ ಬರಿ," ಅಂದೆ.

ಆತ ಪುಸ್ತಕವನ್ನು ಎದೆಗೆ ಅವುಚಿಕೊಂಡ. ನಾನು ಪುಸ್ತಕ ಕಸಿದುಕೊಂಡು ನನ್ನ ಕೈಯಾರೆ ಆ ಸಾಲು ಕಾಣದಂತೆ ಮಸಿ ಬಳಿದೆ. ಆ ಸಲ ಆತ ನಮ್ಮ ಮನೆಯ ಕಾಳು ಮುಟ್ಟದೆ ಹೋದ. ಅಕ್ಕನ ಪತ್ರಗಳಿಗೆ ನಾನು ಎಷ್ಟೋ ವರ್ಷ ಉತ್ತರ ಬರೆಯಲಿಲ್ಲ. ಅಷ್ಟಾದರೂ, ಮೂರು ವರ್ಷದ ಹಿಂದೆ ವಿಮಾನ ಇಳಿದಾಗ, ಮಗನಿಗಿಂತ ಮುಂದೆ ನನಗಾಗಿ ಕೈಯಲ್ಲಿ ಸ್ವೆಟರ್ ಹಿಡಿದು ನಿಂತಿದ್ದವಳು ಆಕೆಯೇ.

ಯುಗಾದಿಯ ಮರುದಿನ ಅಡುಗೆಮನೆಯ ಮೇಜಿನ ಮುಂದೆ ಕೂತು, "ಅಕ್ಕಾ, ಆ ಹಾಳಿಯೊಳಗ ನಿನ್ನ ಹೆಸರಿಲ್ಲ. ನಾನ ಅಳಿಸೀನಿ," ಅಂದೆ.

ಅಕ್ಕ ಪೆನ್ಸಿಲ್ ಕೈಗೆ ತೆಗೆದುಕೊಂಡಳು. ಹನ್ನೊಂದು ವರ್ಷದ ಅಭ್ಯಾಸ, ಏನು ಮಾಡುತ್ತೀರಿ? ಯಾವ ತಿಂಗಳು, ಹೆಳವ ಯಾವ ಊರಿನವನು, ಬೇರೆ ಯಾರಾದರೂ ನೋಡಿದರೇ ಎಂದು ಒಂದೊಂದೇ ಕೇಳಿ ಬರೆದುಕೊಂಡಳು. ನಾನು ಆಡಿದ ಮಾತೇನು ಎಂದು ಕೇಳಿದಳು. ಹೇಳಿದೆ. ಅದನ್ನು ಮಾತ್ರ ಬರೆಯಲಿಲ್ಲ. ಪೆನ್ಸಿಲ್ ಕೆಳಗಿಟ್ಟಳು. ಬಯ್ಯಲಿ, ಹೊಡೆಯಲಿ ಎಂದು ಕಾದೆ.

"ಇಷ್ಟು ವರ್ಷ, ಪುಸ್ತಕ ಇಲಿ ತಿಂದಾವು, ಚರ್ಚಿಗೆ ಬೆಂಕಿ ಬಿದ್ದೈತಿ ಅಂತ ತಿಳಕೊಂಡಿದ್ದೆ," ಅಂದಳು ಕೊನೆಗೆ. "ಎಲಿನಾರ್‌ಗೂ ಒಬ್ಬ ತಮ್ಮ ಇದ್ದಿರಬೇಕು ಅಂತ ಹೊಳಿಲೇ ಇಲ್ಲ ನೋಡು."

ನನಗೆ ತಲೆ ಎತ್ತಲಾಗಲಿಲ್ಲ. ನನ್ನ ಬೆನ್ನ ಮೇಲೆ ಆಕೆಯ ಕೈ ಬಂತು.

"ಅವಂಗ ಬಂದು ಹೇಳಾಕ ಸಮುದ್ರ ಅಡ್ಡ ಇತ್ತು. ನೀ ದಾಟಿ ಬಂದಿಯಲ್ಲೋ ತಮ್ಮಾ. ಮೂಗು ಒರಸ್ಕೋ, ಹಾಳಿ ಮ್ಯಾಲ ಬೀಳತೈತಿ."

ಹಾಗೆಂದು ನೇಕಾರನನ್ನೂ ಕಮ್ಮಾರನನ್ನೂ ಒಂದು ಬದಿಗೆ ಸರಿಸಿ, ನನ್ನ ತಲೆ ಇಡುವಷ್ಟು ಜಾಗವನ್ನು ಆ ಮೇಜಿನ ಮೇಲೆ ಮಾಡಿಕೊಟ್ಟಳು.