ಗೊತ್ತಪ್ಪನ ಗ್ಯಾಸ್ ಗ್ರಿಲ್

ಹೋದ ವರ್ಷ ಬೇಸಿಗೆ ಮುಗಿದಾಗ ಹೆಂಡತಿ ಹೇಳಿದ್ದು ಒಂದೇ ಮಾತು: "ಆ ಗ್ರಿಲ್ಲನ್ನ ತೊಳೆದು ಮುಚ್ಚಿಡಿ." ಅವನು ಅಂದದ್ದೂ ಒಂದೇ ಮಾತು: "ಗೊತ್ತು." ಗೊತ್ತಿತ್ತು; ತೊಳೆಯಲಿಲ್ಲ. ಹಿತ್ತಿಲಲ್ಲಿ ನಿಂತು ಮಾಂಸ ಸುಡುವ ಆ ಗ್ಯಾಸ್ ಗ್ರಿಲ್ಲಿಗೆ ಜಿಡ್ಡಿನ ಸಮೇತ ಹೊದಿಕೆ ಹೊದಿಸಿ ಕೈ ಒರೆಸಿಕೊಂಡ.

ಅವನು ಒಂದು ಗೋದಾಮಿನ ಗುಮಾಸ್ತ. ಊಟ ಆಯ್ತಾ ಎಂದರೂ "ಗೊತ್ತು" ಎನ್ನುವ ಗಿರಾಕಿ. ಆಫೀಸಿನವರು ಗೊತ್ತಪ್ಪ ಎಂದು ಕರೆದು ಕರೆದು, ಈಗ ಹೆಂಡತಿಗೂ ಅವನ ನಿಜವಾದ ಹೆಸರು ಥಟ್ಟನೆ ನೆನಪಾಗುತ್ತಿರಲಿಲ್ಲ.

ಗೋದಾಮಿನಲ್ಲಿ ಮೇಲ್ವಿಚಾರಕನ ಕುರ್ಚಿ ಖಾಲಿ ಬಿದ್ದಿತ್ತು. ಕಿಟಕಿ ಪಕ್ಕದ, ಚಕ್ರವಿರುವ ಕುರ್ಚಿ. ಅದಕ್ಕೆ ಬಾಯಿ ಬಿಟ್ಟುಕೊಂಡಿದ್ದವರು ಇಬ್ಬರು: ಗೊತ್ತಪ್ಪ ಮತ್ತು ಅವನ ಎದುರು ಮೇಜಿನವನು. ಒಂದು ದಿನ ಮ್ಯಾನೇಜರು ಇಬ್ಬರನ್ನೂ ಕೇಳಿದರು, "ಗ್ಯಾಸ್ ಗ್ರಿಲ್ ಬಗ್ಗೆ ಏನಾದ್ರೂ ಗೊತ್ತೇನ್ರೀ?"

"ಇಲ್ಲ ಸಾರ್. ನಾನು ಹಾಲು ಕಾಯಿಸಿದ್ರೂ ಉಕ್ಕಿಹೋಗುತ್ತೆ," ಎಂದ ಎದುರು ಮೇಜಿನವನು.

"ನಂಗೆ ಗೊತ್ತು ಸಾರ್!" ಎಂದ ಗೊತ್ತಪ್ಪ. "ಭಾನುವಾರ ಸಂಜೆ ಮನೆಗೆ ಬನ್ನಿ. ಗ್ರಿಲ್ ಅಂದ್ರೆ ಏನು ಅಂತ ತೋರಿಸ್ತೀನಿ."

ಕುರ್ಚಿ ತನ್ನ ಅಡಿಗೆ ಬಂದೇಬಿಟ್ಟಿತು ಎಂದುಕೊಂಡು ಭಾನುವಾರ ಬೆಳಗ್ಗೆ ಹೊದಿಕೆ ಎತ್ತಿದ. ಹೋದ ವರ್ಷದ ಜಿಡ್ಡು ಜಾಲರಿಗೆ ಅಂಟಿ ಕಲ್ಲಾಗಿತ್ತು. ಬರ್ನರ್ ಕೊಳವೆಗಳಲ್ಲಿ ಜೇಡಗಳು ಸಂಸಾರ ಹೂಡಿದ್ದವು. ಹಚ್ಚಿ ನೋಡಿದರೆ ಮೂರು ಬರ್ನರಿನಲ್ಲಿ ಒಂದು ಹತ್ತಲೇ ಇಲ್ಲ. ಇನ್ನೊಂದರ ಉರಿ ಹಳದಿಯಾಗಿ ತೂಕಡಿಸಿತು.

ಕಾಂಪೌಂಡಿನ ಮೇಲೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ತಲೆ ಮೂಡಿತು. ಬೇರೆಯವರ ಮನೆಯಲ್ಲಿ ಏನಾದರೂ ಕೆಟ್ಟರೆ ಆ ತಲೆ ಮೂಡದೆ ಇರುತ್ತಿರಲಿಲ್ಲ.

"ಮೊದಲು ಪೈಪಿನ ಸಂದಿಗೆ ಸೋಪಿನ ನೀರು ಹಚ್ಚಿ ನೋಡಪ್ಪ. ಗುಳ್ಳೆ ಎದ್ರೆ ಗ್ಯಾಸ್ ಸೋರ್ತಿದೆ ಅಂತ."

"ಗೊತ್ತು ಮೇಷ್ಟ್ರೇ."

ಏನು ಗೊತ್ತಿತ್ತೋ! ಬಕೆಟ್ಟಿಗೆ ಅರ್ಧ ಪೊಟ್ಟಣ ಸೋಪಿನ ಪುಡಿ ಸುರಿದು, ಕಡೆದು, ನೊರೆ ಎಬ್ಬಿಸಿ, ಅದನ್ನೇ ಪೈಪಿಗೆ ಮೆತ್ತಿದ. ಪೈಪಿನ ತುಂಬ ಗುಳ್ಳೆ!

"ಸೋರ್ತಿದೆ! ಓಡ್ರೋ!" ಎಂದು ಕೂಗಿದ ಮೇಷ್ಟ್ರು ಎಲ್ಲರಿಗಿಂತ ಮೊದಲು ತಾವೇ ಬೀದಿಗೆ ಓಡಿದರು. ಹೆಂಡತಿ ಬಂದು ನೊರೆ ಒರೆಸಿದಳು.

"ನೊರೆನೇ ಹಚ್ಚಿದ್ರೆ ಗುಳ್ಳೆ ಬರದೆ ಇನ್ನೇನು ಬರುತ್ತೆ? ನೀರು ನೀರಾಗಿ ಹಚ್ಚಬೇಕು ಕಣ್ರೀ."

ಹಾಗೆ ಹಚ್ಚಿದಾಗ ಒಂದು ಗುಳ್ಳೆಯೂ ಏಳಲಿಲ್ಲ. "ಗೊತ್ತಿತ್ತು," ಎಂದ ಅವನು. ನಾಚಿಕೆ ಎಂಬುದು ಅವನ ಬೀದಿಯಲ್ಲೂ ಹಾದುಹೋದದ್ದಲ್ಲ.

ಅಷ್ಟರಲ್ಲಿ ಬಿಟ್ಟಿ ಊಟದ ವಾಸನೆ ಹಿಡಿದು ಭಾವಮೈದ ಬಂದ. "ಉಜ್ಜೋದ್ಯಾಕೆ ಭಾವ? ಗ್ಯಾಸ್ ಜೋರಾಗಿ ಬಿಟ್ಟು ಮುಚ್ಚಳ ಹಾಕಿ. ಜಿಡ್ಡು ತಾನೇ ಸುಟ್ಟುಹೋಗುತ್ತೆ."

"ಗೊತ್ತು."

ಜಿಡ್ಡು ಸುಟ್ಟಿತು. ಅಡಿಯ ತಟ್ಟೆಯಲ್ಲಿ ವರ್ಷದಿಂದ ನಿಂತಿದ್ದ ಕೊಬ್ಬೂ ಹೊತ್ತಿಕೊಂಡಿತು. ಕರಿ ಹೊಗೆ ಎದ್ದು ಮೇಲ್ಮನೆಯಾಕೆ ಒಣಹಾಕಿದ್ದ ಬಿಳಿ ಹಾಸಿಗೆ ಬಟ್ಟೆಗಳಿಗೆ ಮಸಿ ಬಳಿಯಿತು. ಹೆಂಡತಿ ಓಡಿಬಂದು ಗ್ಯಾಸ್ ನಿಲ್ಲಿಸಿ, ಅಡುಗೆ ಸೋಡಾ ಎರಚಿ ಬೆಂಕಿ ಆರಿಸಿದಳು. ಮೇಲ್ಮನೆಯಾಕೆಯನ್ನು ಆರಿಸುವ ಸೋಡಾ ಮಾತ್ರ ಯಾರ ಮನೆಯಲ್ಲೂ ಇರಲಿಲ್ಲ.

"ಒಗೆಯೋದೂ ಗೊತ್ತಿರಬೇಕಲ್ಲ ನಿಮಗೆ?" ಎಂದು ಮೇಲ್ಮನೆಯಾಕೆ ಬಟ್ಟೆಗಳನ್ನೆಲ್ಲ ಅವನ ಮುಖಕ್ಕೆ ಎಸೆದಳು.

ಮೊದಲು ಅವುಗಳನ್ನು ಒಗೆದ. ಆಮೇಲೆ ಜಾಲರಿ ಉಜ್ಜಿದ, ತಟ್ಟೆ ಕೆರೆದ, ಜೇಡಗಳನ್ನು ಓಡಿಸಿದ, ಸೊಂಟ ಹಿಡಿದುಕೊಂಡ. ಸಂಜೆಯ ಹೊತ್ತಿಗೆ ಗ್ರಿಲ್ ಮದುಮಗನ ಹಾಗೆ ಹೊಳೆಯುತ್ತಿತ್ತು, ಇವನು ಬಾಣಲೆಯ ತಳದ ಹಾಗಿದ್ದ. ಹಚ್ಚಿದರೆ ಮೂರೂ ಬರ್ನರಿನಲ್ಲಿ ನೀಲಿ ಉರಿ! ಅಲ್ಲಿಗೆ ನಿಲ್ಲಿಸಿದ್ದರೆ ಅವನು ಗೊತ್ತಪ್ಪ ಹೇಗಾದಾನು? ಮೇಷ್ಟ್ರಿಗೆ ತೋರಿಸಿದ, ಮೇಲ್ಮನೆಯಾಕೆಗೆ ತೋರಿಸಿದ, ಬೀದಿಯಲ್ಲಿ ಹೋಗುವವರನ್ನೂ ಕರೆದು ತೋರಿಸಿದ.

"ಸಾಕು, ಆರಿಸ್ರೀ," ಎಂದಳು ಹೆಂಡತಿ.

"ಉರೀಲಿ ಬಿಡೇ. ಸಾಹೇಬರು ಬಂದಾಗ ಕಣ್ಣಿಗೆ ಬೀಳ್ಲಿ."

ಅವನು ಬೀದಿಯಲ್ಲಿ ಸಾಹೇಬರ ದಾರಿ ಕಾಯುವಾಗ ಉರಿ ಕುಗ್ಗಿತು, ಫುಸ್ ಎಂದಿತು, ಆರಿತು; ಅವರ ಕಾರು ಬಾಗಿಲಿಗೆ ಬಂದಾಗ ಓಡಿಬಂದು ನೋಡಿದರೆ ಗ್ರಿಲ್ ತಣ್ಣಗಾಗಿತ್ತು. ಸಿಲಿಂಡರ್ ಖಾಲಿ.

ಗೊತ್ತಪ್ಪ ಅದನ್ನು ಎತ್ತಿ ಅಲ್ಲಾಡಿಸಿ ನೋಡಿದ. ಆದರೆ ಗಂಡನನ್ನು ಬಲ್ಲ ಆ ಪುಣ್ಯಾತ್ಗಿತ್ತಿ ಮಧ್ಯಾಹ್ನವೇ ಕೋಳಿಯನ್ನೂ ಆಲೂಗಡ್ಡೆಯನ್ನೂ ಅಡುಗೆಮನೆಯ ಒಲೆಯಲ್ಲಿ ಸುಟ್ಟಿಟ್ಟಿದ್ದಳು. ಮ್ಯಾನೇಜರು ಮುಂಬಾಗಿಲಲ್ಲಿ ಶೂ ಬಿಚ್ಚುವಷ್ಟರಲ್ಲಿ ಎಲ್ಲವನ್ನೂ ಜಾಲರಿಯ ಮೇಲೆ ಹರಡಿ ಮುಚ್ಚಳ ಹಾಕಿದ್ದಾಯಿತು.

ಮ್ಯಾನೇಜರು ಬಂದು ಗ್ರಿಲ್ಲನ್ನು ಮುಟ್ಟಿ ನೋಡಿದರು.

"ಆಹಾ! ಹೊಗೆ ಇಲ್ಲ, ಜಿಡ್ಡಿಲ್ಲ, ಮುಟ್ಟಿದ್ರೆ ಬಿಸಿ ಕೂಡ ಇಲ್ಲ! ಆದ್ರೂ ಒಳಗೆ ಹೇಗೆ ಬೆಂದಿದೆ ನೋಡಿ! ಇದು ಕಣ್ರೀ ಕೆಲಸ ಅಂದ್ರೆ!"

ದೊಡ್ಡ ಕುರ್ಚಿಯಲ್ಲಿ ಕೂರಲು ಬುದ್ಧಿ ಬೇಕು ಎಂದವನು ಯಾವನೋ! ಮ್ಯಾನೇಜರು ಮೂರು ಸಲ ಬಡಿಸಿಕೊಂಡು ಬೆರಳು ನೆಕ್ಕಿದರು. ಗೊತ್ತಪ್ಪ ಮೆಲ್ಲಗೆ ಕೇಳಿದ, "ಸಾರ್, ಆ ಕುರ್ಚಿ ವಿಷಯ..."

"ಕುರ್ಚಿ ಬಿಡ್ರೀ, ಅಲ್ಲಿ ಯಾರು ಕೂತ್ರೂ ನಡೆಯುತ್ತೆ. ಅದನ್ನ ಎದುರು ಮೇಜಿನವನಿಗೆ ಕೊಟ್ಟೆ. ಪಾಪ, ಅವನಿಗೆ ಬೇರೇನೂ ಬರಲ್ಲವಲ್ಲ! ನಿಮ್ಮಂಥ ಜಾಣರನ್ನ ಕುರ್ಚಿಗೆ ಕಟ್ಟಿಹಾಕೋಕಾಗುತ್ತಾ? ನಮ್ಮ ಕಂಪನಿ ಅತಿಥಿಗೃಹದ ಹಿತ್ತಿಲಲ್ಲಿ ಸಾಲಾಗಿ ಗ್ರಿಲ್‌ಗಳಿವೆ. ಹೋದ ವರ್ಷ ಯಾರೋ ಅಯೋಗ್ಯರು ತೊಳೆಯದೆ ಮುಚ್ಚಿಟ್ಟಿದ್ದಾರೆ. ನಾಳೆಯಿಂದ ನೀವು ಅಲ್ಲಿಗೆ."

ಗೊತ್ತಪ್ಪ ಬಾಯಿಗೆ ಒಯ್ದಿದ್ದ ಆಲೂಗಡ್ಡೆಯನ್ನು ಮರಳಿ ತಟ್ಟೆಗೆ ಇಟ್ಟ.

"ಬಲವಂತ ಇಲ್ಲ," ಎಂದರು ಮ್ಯಾನೇಜರು. "ಕೆಲಸ ಗೊತ್ತಿಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಬೇರೆಯವರನ್ನ ನೋಡ್ತೀನಿ. ಗೊತ್ತು ತಾನೆ?"

ಹೆಂಡತಿ ಅವರ ಬೆನ್ನ ಹಿಂದೆ ನಿಂತು, ಬೇಡ ಬೇಡ ಎಂದು ತಲೆಯಾಡಿಸಿದಳು. 'ಗೊತ್ತಿಲ್ಲ' ಎಂಬ ಒಂದೇ ಒಂದು ಮಾತು ಸಾಕಿತ್ತು. ಅದನ್ನೇ ಹೇಳಬೇಕೆಂದು ಅವನು ಬಾಯಿ ತೆರೆದ. ಕಾಂಪೌಂಡಿನ ಮೇಲೆ ಮೇಷ್ಟ್ರ ತಲೆ ಮೂಡಿ, ಅವನ ಬಾಯನ್ನೇ ನೋಡುತ್ತಿತ್ತು.

"ಗೊತ್ತು ಸಾರ್," ಎಂದ.