ಶಾಲಿನಿಯ ಗೆಡ್ಡೆ ಬೇಸಾಯ

"ಅಪ್ಪಾ, ನಾನು ಲ್ಯಾಬಲ್ಲಿ ಗೆಡ್ಡೆ ಬೆಳೆಸ್ತಿದೀನಿ..." ಎಂದು ಮಗಳು ಶಾಲಿನಿ ಫೋನಿನಲ್ಲಿ ಶುರುಮಾಡಿದಷ್ಟೇ ಬೆಳಗೋಡಿನ ದಾಸಯ್ಯನಿಗೆ ಸಾಕಾಯಿತು. ಉಳಿದರ್ಧ ಕೇಳುವ ವ್ಯವಧಾನ ಆತನಿಗೆ ಹುಟ್ಟಿನಿಂದಲೇ ಇಲ್ಲ. ಫೋನ್ ಇಟ್ಟವನೇ ಟೀ ಅಂಗಡಿಗೆ ಹೋಗಿ ಸುದ್ದಿ ಬಿತ್ತಿದ. ಅದು ಮಳೆಗಾಲದ ಅಣಬೆಯ ಹಾಗೆ ಊರೆಲ್ಲ ಎದ್ದಿತು.

ಶನಿವಾರ ಶಾಲಿನಿ ಬಸ್ಸಿಳಿದು ಬಂದರೆ ಮನೆ ಮುಂದೆ ಸುವರ್ಣಗೆಡ್ಡೆಗಳ ರಾಶಿ. ಪಕ್ಕದ ಮನೆಯ ಸರೋಜಮ್ಮ ಒಂದನ್ನು ಹಸುಗೂಸಿನಂತೆ ಎತ್ತಿಕೊಂಡು ನಿಂತಿದ್ದಳು.

"ನೋಡವ್ವ, ಇದು ನಾಲಿಗೆ ಕಡೀತದೆ. ಏನಾರ ಮಾಡು."

ರೈತರ ಸಂಘದ ಗಣೇಶ್ ಶಾಲು ಹಿಡಿದೇ ಬಂದಿದ್ದ. "ಮಧ್ಯಾಹ್ನ ನಮ್ ಸಂಘದಲ್ಲಿ ನಿಂದೇ ಭಾಷಣ. ಗೆಡ್ಡೆ ಬೆಳೆ ಬಗ್ಗೆ. ನಿಮ್ಮಪ್ಪ ಒಪ್ಕೊಂಡವ್ನೆ."

ಶಾಲಿನಿ ಅಪ್ಪನನ್ನು ಒಳಗೆ ಕರೆದಳು. "ಅದು ತಿನ್ನೋ ಗೆಡ್ಡೆ ಅಲ್ಲಪ್ಪ. ಮೂಳೆಗೆ ಬರೋ ಕ್ಯಾನ್ಸರ್ ಗೆಡ್ಡೆ."

ದಾಸಯ್ಯನ ಮುಖ ಒಡೆದ ಹಾಲಾಯಿತು. "ಮೊದ್ಲೇ ಹೇಳ್ಬಾರ್ದಾ?"

"ಹೇಳ್ತಿದ್ದೆ. ನೀನು ಫೋನ್ ಇಟ್ಬುಟ್ಟೆ."

"ಊರೆಲ್ಲ ಸೇರ್ತೈತೆ ಕಣವ್ವ. ಸುವರ್ಣಗೆಡ್ಡೆ ಬಗ್ಗೇನೇ ಎಲ್ಡು ಮಾತಾಡಿ ನನ್ ಮಾನ ಉಳಿಸ್ಬುಡು."

"ನಂಗೊತ್ತಿರೋದು ಹೇಳ್ತೀನಿ," ಎಂದಳು ಶಾಲಿನಿ.

ಸಭೆಯೊಳಗೆ ಕೂರುವ ಧೈರ್ಯ ದಾಸಯ್ಯನಿಗಾಗಲಿಲ್ಲ. ಕಟ್ಟಡದ ಹಿಂದೆ ಕಳ್ಳನಂತೆ ನಿಂತ. ಒಳಗೆ ನಗು ಕೇಳಿಸಲಿಲ್ಲ, ಬೈಗುಳವೂ ಇಲ್ಲ. ಅದೇ ಹೆಚ್ಚು ಭಯ ತಂದಿತು.

ಒಳಗೆ ಶಾಲಿನಿ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ, ಜನರಿಗೆ ನಗಲೂ ಬಿಡುವು ಕೊಡದೆ ಮುಂದುವರಿಸಿದ್ದಳು. "ತೋಟಕ್ಕೆ ಆನೆ ನುಗ್ಗಿದ್ರೆ ಕಂಡೋರು ಕೂಗ್ತೀವಿ ಅಲ್ವಾ? ಮೈಯೊಳಗೂ ಕಾವಲುಗಾರ ಜೀವಕಣಗಳವೆ. ಅವು ಕೂಗೋ ಕೂಗೇ ಒಂದೊಂದು ಪ್ರೋಟೀನು. ಕೆಲವು ಕೂಗಿಗೆ ಕ್ಯಾನ್ಸರ್ ಕಣ ಬೆಳೆಯೋದು ಕಮ್ಮಿಯಾಗ್ತದೆ. ಕೆಲವಕ್ಕೆ ಇನ್ನೂ ಜೋರಾಗಿ ಬೆಳೀತದೆ."

"ಮೇಲ್ನೋರು ಕೂಗಿ ಆನೇನ ನಮ್ ಗದ್ದೆಗೆ ಇಳಿಸ್ದಂಗೆ," ಎಂದಳು ಸರೋಜಮ್ಮ. ಮೇಲಿನ ತೋಟದವರು ಕೆಮ್ಮಿದರು.

ಹೊರಗೆ ದಾಸಯ್ಯ ತಡೆಯಲಾರದೆ ಕಿಟಕಿಗೆ ಕಿವಿ ಕೊಟ್ಟ.

"ಹೌದತ್ತೆ," ಎಂದಳು ಶಾಲಿನಿ. "ಯಾವ ಪ್ರೋಟೀನಿನ ಕೂಗು ಆನೇನ ಓಡಿಸ್ತದೆ, ಯಾವುದು ಒಳಕ್ಕೆ ಕರೀತದೆ ಅಂತ ನೋಡೋಕೇ ನಾವು ಕ್ಯಾನ್ಸರ್ ಕಣ ಬೆಳೆಸೋದು."

"ಔಷ್ದಿ ಸಿಕ್ತಾ?" ಗಣೇಶ್ ಕೇಳಿದ.

"ಇನ್ನೂ ಇಲ್ಲಣ್ಣ. ಹುಡುಕ್ತಿದೀವಿ."

ಗಣೇಶ್ ಎದ್ದು ಶಾಲು ಹೊದಿಸಿದ. "ಇಲ್ಲ ಅನ್ನೋದ್ನೂ ಇಷ್ಟು ನೇರವಾಗಿ ಹೇಳೋ ಭಾಷಣ ನಮ್ ಸಂಘದಲ್ಲಿ ಇದೇ ಮೊದ್ಲು."

ಚಪ್ಪಾಳೆಗೆ ಹಂಚು ಅದುರಿತು. ಹೊರಬಂದವರೆಲ್ಲ ದಾಸಯ್ಯನ ಕೈ ಹಿಡಿದು, "ಎಂಥಾ ಮಗಳ್ನ ಹೆತ್ತಿದೀಯೋ ಮಾರಾಯ," ಎಂದರು. ಆತನ ಎದೆ ದೋಸೆಹಿಟ್ಟಿನಂತೆ ಉಬ್ಬಿ, ಕಾಲು ತಾನಾಗಿ ಟೀ ಅಂಗಡಿಯತ್ತ ನಡೆಯಿತು.

ಸಂಜೆ ಆತ ಮನೆಗೆ ಬಂದಾಗ ಶಾಲಿನಿ ಸರೋಜಮ್ಮ ಕೊಟ್ಟ ಗೆಡ್ಡೆ ಪಲ್ಯ ತಿನ್ನುತ್ತಿದ್ದಳು.

"ಬೇಗ ಉಣ್ಣವ್ವ. ಹೊಂಗಡಹಳ್ಳದೋರ ಜೀಪು ಹೊರಟ್ಬುಟ್ಟೈತೆ."

"ಜೀಪ್ಯಾಕೆ?"

"ಅವ್ರ ತೋಟಕ್ಕೆ ಆನೆ ನುಗ್ಗೈತಂತೆ," ಎಂದ ದಾಸಯ್ಯ ಹೆಮ್ಮೆಯಿಂದ. "ನನ್ ಮಗಳತ್ರ ಆನೆ ಓಡ್ಸೋ ಪ್ರೋಟೀನ್ ಐತೆ, ತಂದು ಹಾಕ್ತಾಳೆ ಅಂತ ಹೇಳ್ಬುಟ್ಟು ಬಂದೆ."