ಐವತ್ತೆರಡು ವರ್ಷದಿಂದ ರಜೆಯಲ್ಲಿರುವ ಕಿಣ್ವಕ್ಕೆ ಕಪ್ಪು ಕಿವಿಯವನ ಬಿನ್ನಹ

ನನ್ನ ಯಕೃತ್ತಿನಲ್ಲಿ ನೇಮಕಗೊಂಡು, ನಾನು ಹುಟ್ಟಿದಾಗಿನಿಂದ ಈ ಐವತ್ತೆರಡು ವರ್ಷಗಳಲ್ಲಿ ಒಂದು ದಿನವೂ ಕೆಲಸಕ್ಕೆ ಬಾರದ ಮಾನ್ಯ ಕಿಣ್ವ ಮಹಾಶಯರೇ,

ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆಯ ಕಲೆ ಹುಡುಕುವ ಕೆಲಸದ ತಿರುಮೂರ್ತಿಯು ತಮಗೆ ಸಾಷ್ಟಾಂಗ ನಮಸ್ಕಾರ ಮಾಡಲು ಬಹಳ ಆಸೆಪಟ್ಟಿದ್ದಾನೆ. ಬೆನ್ನು ಬಗ್ಗದ ಕಾರಣ, ನಿಂತಲ್ಲಿಂದಲೇ ಕೈಮುಗಿದದ್ದನ್ನು ದಯಮಾಡಿ ಸ್ವೀಕರಿಸಬೇಕು.

ನಾನು ತಿಂದ ಬೇಳೆ, ಮೊಟ್ಟೆ, ಹಾಲು ಕರಗಿದ ಮೇಲೆ ಉಳಿಯುವ ಒಂದು ಆಮ್ಲವನ್ನು ಒಡೆದುಹಾಕುವುದಷ್ಟೇ ತಮ್ಮ ಕೆಲಸವೆಂದು ಕೊಯಮತ್ತೂರಿನ ಡಾಕ್ಟರ್ ತೆನ್ಮೊಳಿಯವರು ತಿಳಿಸಿದರು. ತಾವು ಬಾರದಿದ್ದರೂ ಆಮ್ಲ ಸುಮ್ಮನೆ ಕೂರಲಿಲ್ಲ. ನಾನು ಮೂವತ್ತು ದಾಟುತ್ತಲೇ ಕಿವಿಗೆ ಮಸಿ ಬಳಿಯಿತು, ಕಣ್ಣಿನ ಬಿಳಿಯಲ್ಲಿ ಬೊಟ್ಟಿಟ್ಟಿತು, ಬೆನ್ನುಮೂಳೆಯನ್ನು ಬಿಗಿದು ನನ್ನನ್ನು ಎರಡಂಗುಲ ಗಿಡ್ಡ ಮಾಡಿತು, ಎರಡೂ ಮಂಡಿಗಳನ್ನು ಸವೆಸಿತು, ಬೆವರಿಗೂ ಕಂದು ಬಣ್ಣ ಕೊಟ್ಟಿತು. ಬಿಳಿ ಬನಿಯನ್‌ಗಳಲ್ಲಿ ನಾನು ಕಂಡುಹಿಡಿದು ಪಕ್ಕಕ್ಕಿಟ್ಟ ಕಲೆಗಳಲ್ಲಿ ಮುಕ್ಕಾಲು ಪಾಲು ನನ್ನವೇ ಎಂದು ಗೊತ್ತಾದ ಮೇಲೆ ಮ್ಯಾನೇಜರ್ ನನ್ನನ್ನು ಕಪ್ಪು ಬನಿಯನ್ ವಿಭಾಗಕ್ಕೆ ಕಳಿಸಿದ್ದಾರೆ. ಅಲ್ಲಿ ಯಾವ ಕಲೆಯೂ ಯಾರಿಗೂ ಕಾಣುವುದಿಲ್ಲ. ಇಂಥ ನಿಶ್ಚಿಂತೆಯ ಹುದ್ದೆ ದೊರಕಿಸಿಕೊಟ್ಟ ತಮಗೆ ನಾನು ಋಣಿ.

ತಪ್ಪು ತಮ್ಮೊಬ್ಬರದೇ ಎಂದರೆ ಅನ್ಯಾಯವಾದೀತು. ನಮ್ಮ ಅಜ್ಜಿ ಸುಬ್ಬಾತಾಳ್ ಕಪ್ಪು ಕಿವಿಯನ್ನು ಕುಲದ ಗುರುತೆಂದೇ ನಂಬಿದ್ದರು. ಅದು ಹೊರಗೆ ಹೋಗಬಾರದೆಂದು ನಮ್ಮಪ್ಪ ದೊರೈಸಾಮಿಗೆ ಅಪ್ಪನ ಸ್ವಂತ ಅಕ್ಕನ ಮಗಳನ್ನೇ ತಂದು ಮದುವೆ ಮಾಡಿದರು. ಹಾಗಾಗಿ ನನಗೂ ನನ್ನ ಅಕ್ಕ ಸಾಮಿಯಾತಾಳಿಗೂ ಗುರುತು ಧಾರಾಳವಾಗಿ ಸಿಕ್ಕಿತು. ಈಗ ಅಕ್ಕ ತನ್ನ ಮಗ ಹರಿಹರನ್‌ಗೆ ನನ್ನ ಮಗಳು ಧರಣಿಯನ್ನು ಕೇಳಿದಳು. "ಡೇ ತಂಬಿ, ನಮ್ಮ ಕಿವಿ ಬೇರೆ ಮನೆಗೆ ಹೋಗ್ಬಾರ್ದುಡಾ" ಎಂದಳು.

ಮಕ್ಕಳಿಬ್ಬರೂ ಆರೋಗ್ಯವಾಗಿದ್ದಾರೆ. ಆದರೆ ತಮ್ಮ ಗೈರುಹಾಜರಿಯ ಒಂದೊಂದು ಪಾಲು ಇಬ್ಬರಲ್ಲೂ ಇದೆ, ಅವರಿಗೆ ಹುಟ್ಟುವ ಒಂದೊಂದು ಮಗುವಿನಲ್ಲೂ ಎರಡು ಪಾಲೂ ಕೂಡಿಬಿಡುವ ಸಂಭವ ನಾಲ್ಕರಲ್ಲಿ ಒಂದು ಎಂದರು ಡಾಕ್ಟರ್. ಬುದ್ಧಿ ಬಂದಾಗಿನಿಂದ ಅಕ್ಕನ ಮಾತು ಮೀರದ ನಾನು, ಡಾಕ್ಟರ್ ಹೇಳಿದ್ದನ್ನೇ ಅವಳಿಗೂ ಹೇಳಿ, ಹೆಣ್ಣು ಕೊಡುವುದಿಲ್ಲ ಎಂದುಬಿಟ್ಟೆ. ಸೋದರಮಾವನ ಮಗಳೆಂಬ ಹಕ್ಕಿನ ಹೆಣ್ಣನ್ನು ತಪ್ಪಿಸಿದನೆಂದು ಅಕ್ಕ ಮಾತು ಬಿಟ್ಟು ನಾಲ್ಕು ತಿಂಗಳಾಯಿತು. ಮಂಡಿ ನೋವಿಗೆ ಮಾತ್ರೆಯಾದರೂ ಇದೆ. ಈ ನೋವು ತಡೆಯಲಾಗುತ್ತಿಲ್ಲ.

ಆದ್ದರಿಂದ ತಾವು ಅಮಾವಾಸ್ಯೆಗೊಮ್ಮೆಯಾದರೂ ಬಂದು ಹಾಜರಿ ಹಾಕಬೇಕು. ನನ್ನ ಎರಡಂಗುಲ ಎತ್ತರವನ್ನು ಹಿಂತಿರುಗಿಸಬೇಕು. ಆನೈಮಲೈಯ ಅಕ್ಕನ ಮನೆಗೆ ಖುದ್ದಾಗಿ ಹೋಗಿ, 'ತಪ್ಪು ನಿಮ್ಮ ತಮ್ಮನದಲ್ಲ, ನನ್ನದು' ಎಂದು ಒಪ್ಪಿಕೊಂಡು, ಆಕೆ ಕಾಫಿ ಕೊಟ್ಟರೆ ಕುಡಿದು ಬರಬೇಕು.

ಎಂದೂ ಮುಖ ಕಾಣದ ತಮ್ಮ ದಾರಿಯನ್ನು ಇನ್ನೂ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ತಿರುಮೂರ್ತಿ, ತಿರುಪ್ಪೂರು

ತಾ.ಕ.: ಹೋದ ಭಾನುವಾರ ಅಕ್ಕ ಹರಿಹರನ್‌ಗೆ ಹೆಣ್ಣು ನೋಡಲು ಕಿಣತ್ತುಕಡವಿನ ದೂರದ ನಂಟರ ಮನೆಗೆ ಹೋಗಿದ್ದಳಂತೆ. ಜಾತಕ ಬಿಚ್ಚುವ ಮೊದಲೇ ಹೆಣ್ಣಿನ ಅಪ್ಪನ ಕಪ್ಪು ಕಿವಿ ನೋಡಿ, ಕೊಟ್ಟ ಕಾಫಿ ಮುಟ್ಟದೆ ಎದ್ದು ಬಂದಳಂತೆ. ನನ್ನೊಡನೆ ಇನ್ನೂ ಮಾತಿಲ್ಲ. ಆದರೆ ತಾವು ಅಲ್ಲಿಯೂ ರಜೆಯಲ್ಲಿದ್ದೀರೆಂದು ಅವಳಿಗೆ ಗೊತ್ತಾಗಿದೆ.